ಓದುವುದಕ್ಕೊಂದು, ಕೆಲಸಕ್ಕೊಂದು: ಹತ್ತಿರದ ಕನ್ನಡಕ ಆರಿಸುವ ಬಗೆ

ವರ್ನಿಯರ್ ಕ್ಯಾಲಿಪರ್‌ನ ಗೆರೆಗಳು ಒಂದರೊಳಗೊಂದು ಕಲೆಸಿಹೋದಂತೆ ಕಾಣುವುದು, ಸೂಜಿಗೆ ದಾರ ಪೋಣಿಸಲು ಚಿಕ್ಕವರನ್ನು ಕರೆಯಬೇಕಾಗುವುದು, ಔಷಧದ ಪೊಟ್ಟಣವನ್ನು ತೋಳುದ್ದ ಹಿಡಿದು ಓದುವುದು: ನಲವತ್ತರ ಆಚೀಚೆ ಇವುಗಳಲ್ಲಿ ಒಂದಾದರೂ ಶುರುವಾಗುತ್ತದೆ. ಚಾಳೀಸು ಬಂತು ಎನ್ನುತ್ತೇವೆ. ಇದು ರೋಗವಲ್ಲ, ವಯಸ್ಸಾಗುವ ಎಲ್ಲ ಕಣ್ಣಿಗೂ ಬರುವಂಥದ್ದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ದೃಷ್ಟಿಯ ಕುರಿತು ಹೊರತಂದ ಜಾಗತಿಕ ವರದಿಯ ಪ್ರಕಾರ ಸುಮಾರು 180 ಕೋಟಿ ಜನರಿಗೆ ಚಾಳೀಸು ಇತ್ತು. ಅವರಲ್ಲಿ 82 ಕೋಟಿಗೂ ಹೆಚ್ಚು ಜನ ತಕ್ಕ ಕನ್ನಡಕವಿಲ್ಲದೆ ಹತ್ತಿರದ ವಸ್ತು ಸರಿಯಾಗಿ ಕಾಣದೆ ಕಷ್ಟಪಡುತ್ತಿದ್ದರು.

ಕೈಕೆಲಸದವರ ಮಟ್ಟಿಗೆ ಇದು ಹೊಟ್ಟೆಪಾಡಿನ ಪ್ರಶ್ನೆಯೂ ಹೌದು. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ ಕಾರ್ಮಿಕರ ಮೇಲೆ ನಡೆದ ಒಂದು ಪ್ರಯೋಗದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಹತ್ತಿರ ನೋಡುವ ಕನ್ನಡಕ ಪಡೆದವರ ಉತ್ಪಾದಕತೆಯ ಏರಿಕೆ, ಪಡೆಯದವರದಕ್ಕಿಂತ ಸುಮಾರು ಶೇ. 22ರಷ್ಟು ಹೆಚ್ಚಿತ್ತು. ಅವರಿಗೆ ಕೊಟ್ಟದ್ದು ದುಬಾರಿ ಕನ್ನಡಕವೇನಲ್ಲ. ಓದುವ ಕನ್ನಡಕದ ಮಸೂರ ಬಹಳ ಸರಳವಾದ ಮಸೂರ. ಅದನ್ನು ಅಗ್ಗವಾಗಿಯೂ ಚೆನ್ನಾಗಿಯೂ ಮಾಡಬಹುದು. ಆದರೆ ಎಷ್ಟು ದೂರದ ವಸ್ತುವನ್ನು ನೋಡಬೇಕು, ಕಣ್ಣಿನತ್ತ ಏನಾದರೂ ಸಿಡಿದು ಬರಬಹುದೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ತಿಳಿಯದೆ ಕೊಂಡರೆ ಎಷ್ಟು ಹಣ ಕೊಟ್ಟರೂ ಅದು ಸರಿಹೊಂದುವುದಿಲ್ಲ.

## ಕಣ್ಣಿನೊಳಗೆ ಆಗುವುದೇನು

ಕಣ್ಣಿನ ಪಾಪೆಯ ಹಿಂದೆ ಒಂದು ಪಾರದರ್ಶಕ ಮಸೂರವಿದೆ. ಅದರ ಸುತ್ತ ಉಂಗುರದಂತೆ ಒಂದು ಸ್ನಾಯು. ಹತ್ತಿರದ ವಸ್ತುವನ್ನು ನೋಡುವಾಗ ಸ್ನಾಯು ಬಿಗಿಯುತ್ತದೆ, ಮಸೂರವನ್ನು ಹಿಡಿದೆಳೆದಿರುವ ಎಳೆಗಳು ಸಡಿಲಗೊಳ್ಳುತ್ತವೆ, ಮಸೂರ ಉಬ್ಬುತ್ತದೆ. ಉಬ್ಬಿದಷ್ಟೂ ಹತ್ತಿರದ್ದು ಸ್ಪಷ್ಟ. ಹತ್ತು ವರ್ಷದ ಮಗು ಕಣ್ಣಿನಿಂದ ಏಳೆಂಟು ಸೆಂಟಿಮೀಟರ್ ದೂರದ ಅಕ್ಷರವನ್ನೂ ಓದಬಲ್ಲದು.

ಈ ಮಸೂರಕ್ಕೆ ಜೀವನವಿಡೀ ಹೊಸ ಪದರಗಳು ಸೇರುತ್ತಲೇ ಇರುತ್ತವೆ, ಹಳೆಯವು ಒಳಗೆ ಒತ್ತೊತ್ತಾಗುತ್ತವೆ. ಮೆತ್ತಗಿದ್ದ ರಬ್ಬರು ವರ್ಷಗಳು ಕಳೆದಂತೆ ಬಿರುಸಾಗುವ ಹಾಗೆ ಅದು ಗಡುಸಾಗುತ್ತದೆ. ಸ್ನಾಯು ಬಿಗಿದರೂ ಮಸೂರ ಮೊದಲಿನಷ್ಟು ಉಬ್ಬುವುದಿಲ್ಲ. ಕೊರತೆಯಾದಷ್ಟು ಉಬ್ಬನ್ನು ಹೊರಗಿನಿಂದ ತುಂಬಿಕೊಡುವುದೇ ಪ್ಲಸ್ ಪವರಿನ ಕನ್ನಡಕದ ಕೆಲಸ. ಅರವತ್ತರ ಹೊತ್ತಿಗೆ ಉಬ್ಬುವ ಶಕ್ತಿ ಬಹುತೇಕ ಮುಗಿದಿರುತ್ತದೆ. ಆದ್ದರಿಂದ ಆಮೇಲೆ ಓದುವ ನಂಬರ್ ಹೆಚ್ಚು ಏರುವುದಿಲ್ಲ.

ಕನ್ನಡಕ ಹಾಕಿದರೆ ಕಣ್ಣು ಸೋಮಾರಿಯಾಗಿ ನಂಬರ್ ಏರುತ್ತದೆ ಎಂಬ ಭಯ ಹಲವರಲ್ಲಿದೆ. ಆ ಭಯಕ್ಕೆ ಆಧಾರವಿಲ್ಲ. ಹಾಕಿದರೂ ಹಾಕದಿದ್ದರೂ ಮಸೂರ ತನ್ನ ಪಾಡಿಗೆ ಗಡುಸಾಗುತ್ತದೆ. ಹಾಕದೆ ಉಳಿದವರಿಗೆ ಸಿಗುವುದು ತಲೆನೋವು ಮಾತ್ರ.

## ಪವರ್ ಎಂದರೆ ಅಂತರದ ಲೆಕ್ಕ

ಮಸೂರದ ಶಕ್ತಿಯನ್ನು ಅಳೆಯುವ ಮಾನ ಡಯಾಪ್ಟರ್. ಲೆಕ್ಕ ಸುಲಭ: 100ನ್ನು ಪವರಿನಿಂದ ಭಾಗಿಸಿದರೆ ಮಸೂರದ ನಾಭಿದೂರ ಸೆಂಟಿಮೀಟರಿನಲ್ಲಿ ಸಿಗುತ್ತದೆ. ಪ್ಲಸ್ 1ಕ್ಕೆ 100 ಸೆಂ.ಮೀ., ಪ್ಲಸ್ 2ಕ್ಕೆ 50, ಪ್ಲಸ್ 2.5ಕ್ಕೆ 40, ಪ್ಲಸ್ 3ಕ್ಕೆ 33. ಸ್ವಂತ ಉಬ್ಬುವ ಶಕ್ತಿ ಪೂರ್ತಿ ಹೋದ, ದೂರದ ದೃಷ್ಟಿ ಸರಿಯಿರುವ ಕಣ್ಣಿಗೆ ಆ ಮಸೂರ ಅತ್ಯಂತ ಸ್ಪಷ್ಟವಾಗಿ ತೋರಿಸುವುದು ಆ ಅಂತರವನ್ನೇ. ಶಕ್ತಿ ಇನ್ನೂ ಸ್ವಲ್ಪ ಉಳಿದವರಿಗೆ ಅದೇ ಅಂತರಕ್ಕೆ ಕಡಿಮೆ ಪವರ್ ಸಾಕು. ನಲವತ್ತೈದರ ಸುಮಾರಿನವರು ಪುಸ್ತಕವನ್ನು ಪ್ಲಸ್ 1 ಅಥವಾ 1.25ರಲ್ಲಿ ಓದಿಕೊಳ್ಳುತ್ತಾರೆ, ಐವತ್ತರ ಹೊತ್ತಿಗೆ 1.5ರಿಂದ 2 ಬೇಕಾಗುತ್ತದೆ, ಅರವತ್ತಕ್ಕೆ ಸಾಮಾನ್ಯವಾಗಿ 2.5. ವಯಸ್ಸಿಗೆ ತಕ್ಕ ನಂಬರ್ ಎಂದು ಅಂಗಡಿಗಳಲ್ಲಿ ತೂಗುಹಾಕಿರುವ ಪಟ್ಟಿಗಳು ಹುಟ್ಟಿದ್ದು ಈ ಲೆಕ್ಕದಿಂದಲೇ. ಆದರೆ ಆ ಪಟ್ಟಿಗಳು ಸದ್ದಿಲ್ಲದೆ ಒಂದು ಊಹೆ ಮಾಡಿಕೊಂಡಿರುತ್ತವೆ: ನೀವು 40 ಸೆಂ.ಮೀ. ದೂರದಲ್ಲಿ ಪುಸ್ತಕ ಹಿಡಿಯುತ್ತೀರಿ ಎಂಬ ಊಹೆ.

ಕಾರ್ಯಾಗಾರದಲ್ಲಿ ಈ ಊಹೆ ಮುರಿದುಬೀಳುತ್ತದೆ. ಅರವತ್ತರ ಆಸುಪಾಸಿನ ಒಬ್ಬರು ಪತ್ರಿಕೆ ಓದುವ ಪ್ಲಸ್ 2.5 ಕನ್ನಡಕವನ್ನೇ ಹಾಕಿಕೊಂಡು, ಲೋಹ ಕಡೆಯುವ ಲೇತ್ ಯಂತ್ರದ ಮುಂದೆ ನಿಲ್ಲುತ್ತಾರೆ ಎನ್ನಿ. ಸಹಜವಾಗಿ ನಿಂತರೆ ಕೆಲಸದ ವಸ್ತು ಕಣ್ಣಿನಿಂದ 60 ಸೆಂ.ಮೀ. ದೂರದಲ್ಲಿದೆ. ಕನ್ನಡಕ ಸ್ಪಷ್ಟವಾಗಿ ತೋರಿಸುವುದು 40 ಸೆಂ.ಮೀ.ನದ್ದನ್ನು. ಅಂಚು ಮಸುಕಾಗಿ ಕಂಡಾಗ ಅವರಿಗೇ ಗೊತ್ತಿಲ್ಲದಂತೆ ಬೆನ್ನು ಬಾಗುತ್ತದೆ, ಮುಖ ಇಪ್ಪತ್ತು ಸೆಂಟಿಮೀಟರ್ ಮುಂದೆ ಹೋಗುತ್ತದೆ, ವಸ್ತುವನ್ನು ಕಚ್ಚಿ ಹಿಡಿದು ತಿರುಗುತ್ತಿರುವ ಚಕ್‌ನ ಹತ್ತಿರಕ್ಕೆ. ಸಂಜೆಗೆ ಕುತ್ತಿಗೆ ಹಿಡಿದುಕೊಳ್ಳುವುದು ಇದರ ಚಿಕ್ಕ ಪರಿಣಾಮ. 60 ಸೆಂ.ಮೀ.ಗೆ ಅವರಿಗೆ ಬೇಕಾದದ್ದು ಪ್ಲಸ್ 1.5 ಅಥವಾ 1.75.

ಪವರ್ ಹೆಚ್ಚಾದಷ್ಟೂ ಒಳ್ಳೆಯದು ಎಂಬ ಎಣಿಕೆ ತಪ್ಪಾಗುವುದು ಇನ್ನೊಂದು ಕಾರಣಕ್ಕೆ. ಪವರ್ ಏರಿದಂತೆ ಸ್ಪಷ್ಟವಾಗಿ ಕಾಣುವ ಪಟ್ಟಿ ಕಿರಿದಾಗುತ್ತದೆ. ಕಾಲು ಡಯಾಪ್ಟರಿನಷ್ಟು ಹೆಚ್ಚುಕಡಿಮೆಯನ್ನು ಕಣ್ಣು ಸಹಿಸಿಕೊಳ್ಳುತ್ತದೆ ಎಂದಿಟ್ಟುಕೊಂಡರೆ, ಪ್ಲಸ್ 1.5ರಲ್ಲಿ ಸುಮಾರು 57ರಿಂದ 80 ಸೆಂ.ಮೀ.ವರೆಗೆ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಪ್ಲಸ್ 3ರಲ್ಲಿ 31ರಿಂದ 36 ಸೆಂ.ಮೀ. ಮಾತ್ರ. ಅಂದರೆ ಒಂದು ಗೇಣಿನ ಅವಕಾಶ ನಾಲ್ಕು ಬೆರಳಗಲಕ್ಕೂ ಕಡಿಮೆಯಾಗುತ್ತದೆ. ಆದ್ದರಿಂದ ಕೆಲಸಕ್ಕೆ ಸಾಕಾಗುವ ಅತಿ ಕಡಿಮೆ ಪವರ್ ಯಾವುದೋ ಅದೇ ಸರಿಯಾದ ಪವರ್.

## ಅಳತೆಪಟ್ಟಿ ಹಿಡಿದು ಶುರುಮಾಡಿ

ಕನ್ನಡಕ ಕೊಳ್ಳಲು ಹೋಗುವ ಮುನ್ನ ನಿಮ್ಮ ಕೆಲಸದ ಜಾಗದಲ್ಲಿ ಎಂದಿನಂತೆ ಕುಳಿತುಕೊಳ್ಳಿ ಅಥವಾ ನಿಂತುಕೊಳ್ಳಿ. ಇನ್ನೊಬ್ಬರು ಕಣ್ಣಿನ ಹೊರ ಅಂಚಿನಿಂದ ಕೆಲಸದ ವಸ್ತುವಿನವರೆಗೆ ಟೇಪು ಹಿಡಿದು ಅಳೆಯಲಿ. ಪುಸ್ತಕ, ಮೊಬೈಲ್ 35ರಿಂದ 40 ಸೆಂ.ಮೀ. ಬರಬಹುದು, ಕಂಪ್ಯೂಟರ್ ಪರದೆ 50ರಿಂದ 70, ವಸ್ತುವನ್ನು ಬಿಗಿಹಿಡಿಯುವ ವೈಸ್ ಕಟ್ಟಿದ ಬೆಂಚು 50ರಿಂದ 60. ಸರ್ಕ್ಯೂಟ್ ಬೋರ್ಡಿಗೆ ಬೆಸುಗೆ ಹಾಕುವವರು, ಗಡಿಯಾರ ರಿಪೇರಿಯವರು 25ರಿಂದ 30ಕ್ಕೆ ಬಾಗುತ್ತಾರೆ. ಇದು ಎತ್ತರ, ಕೂರುವ ಭಂಗಿ, ಮೇಜಿನ ಮಟ್ಟವನ್ನೆಲ್ಲ ಅವಲಂಬಿಸುತ್ತದೆ. ಇನ್ನೊಬ್ಬರ ಅಂಕಿ ನಿಮಗೆ ಆಗುವುದಿಲ್ಲ.

ಅಂಗಡಿಯಲ್ಲಿ ಸಣ್ಣಕ್ಷರದ ಒಂದು ಕಾಗದವನ್ನು ಅಷ್ಟೇ ಅಂತರದಲ್ಲಿ ಹಿಡಿದು ಕಡಿಮೆ ಪವರಿನಿಂದ ಮೇಲಕ್ಕೆ ಒಂದೊಂದಾಗಿ ಹಾಕಿ ನೋಡಿ. ಅಕ್ಷರ ಸ್ಪಷ್ಟವಾದ ಮೊದಲನೆಯದರಲ್ಲೇ ನಿಲ್ಲಿಸಿ. ಕಾಗದವನ್ನು ಹತ್ತಿರಕ್ಕೆ ತಂದರೆ ಇನ್ನೂ ಚೆನ್ನಾಗಿ ಕಾಣುತ್ತದೆ ಎಂದಾದರೆ ಪವರ್ ಹೆಚ್ಚಾಗಿದೆ, ದೂರ ತಳ್ಳಬೇಕು ಎನಿಸಿದರೆ ಕಡಿಮೆಯಾಗಿದೆ. ಓದಿನ ಅಂತರ, ಬೆಂಚಿನ ಅಂತರ ಎರಡಕ್ಕೂ ಬೇರೆ ಬೇರೆ ಉತ್ತರ ಬಂದರೆ ಎರಡು ಅಗ್ಗದ ಜೊತೆಗಳನ್ನು ಕೊಳ್ಳುವುದು ಒಂದು ದುಬಾರಿ ಜೊತೆಗಿಂತ ಜಾಣತನ ಎಂಬುದು ನನ್ನ ಖಚಿತ ಅಭಿಪ್ರಾಯ.

ಪವರಿನ ಗುರುತು ಅಳಿಸಿಹೋದ ಹಳೆಯ ಕನ್ನಡಕವಿದ್ದರೆ ಮನೆಯಲ್ಲೇ ಕಂಡುಹಿಡಿಯಬಹುದು. ಹಗಲಿನಲ್ಲಿ ಕಿಟಕಿಗೆ ಎದುರಾದ ಗೋಡೆಯ ಬಳಿ ನಿಂತು, ಗೋಡೆಯ ಮುಂದೆ ಕನ್ನಡಕವನ್ನು ಹಿಡಿಯಿರಿ. ನಿಧಾನವಾಗಿ ಹಿಂದೆ ಮುಂದೆ ಸರಿಸಿದರೆ ಒಂದು ಹಂತದಲ್ಲಿ ಹೊರಗಿನ ಮರ, ಕಟ್ಟಡ, ಆಕಾಶ ಎಲ್ಲ ತಲೆಕೆಳಗಾಗಿ, ಚಿಕ್ಕದಾಗಿ, ಬಣ್ಣಸಮೇತ ಗೋಡೆಯ ಮೇಲೆ ಮೂಡುತ್ತವೆ. ಚಿತ್ರ ಹೆಚ್ಚು ಚುರುಕಾದ ಕಡೆ ಮಸೂರದಿಂದ ಗೋಡೆಗೆ ಎಷ್ಟು ಸೆಂಟಿಮೀಟರ್ ಎಂದು ಅಳೆದು, 100ನ್ನು ಅದರಿಂದ ಭಾಗಿಸಿ. 40 ಬಂದರೆ ಪ್ಲಸ್ 2.5. ಎರಡೂ ಮಸೂರಗಳನ್ನು ಬೇರೆ ಬೇರೆಯಾಗಿ ನೋಡಿ. ಅಗ್ಗದ ಕನ್ನಡಕದ ಎಡಬಲಗಳಲ್ಲಿ ವ್ಯತ್ಯಾಸವಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಇದನ್ನು ನೇರ ಬಿಸಿಲಿನಲ್ಲಿ ಮಾಡಬೇಡಿ. ಪ್ಲಸ್ ಮಸೂರ ಸೂರ್ಯನ ಬೆಳಕನ್ನು ಒಂದೆಡೆ ಸೇರಿಸಿ ಬೆಂಕಿ ಹತ್ತಿಸಬಲ್ಲದು.

## ಸಿದ್ಧ ಕನ್ನಡಕ ಯಾರಿಗೆ ಸಾಲದು

ಸಿದ್ಧವಾಗಿ ಸಿಗುವ ಕನ್ನಡಕದಲ್ಲಿ ಎರಡೂ ಕಣ್ಣಿಗೆ ಒಂದೇ ಪವರ್ ಇರುತ್ತದೆ, ಸಿಲಿಂಡರ್ ಇರುವುದಿಲ್ಲ. ಕಣ್ಣಿನ ಮುಂಭಾಗದ ಬಾಗು ಎಲ್ಲ ದಿಕ್ಕಿನಲ್ಲೂ ಒಂದೇ ಸಮನಾಗಿಲ್ಲದಾಗ ಅದನ್ನು ಸರಿಪಡಿಸುವ ಪವರೇ ಸಿಲಿಂಡರ್. ನಿಮ್ಮ ಚೀಟಿಯಲ್ಲಿ ಗಣನೀಯ ಸಿಲಿಂಡರ್ ಇದ್ದರೆ ಅಥವಾ ಎಡ ಬಲ ಕಣ್ಣುಗಳ ನಂಬರ್ ಬೇರೆಯಾಗಿದ್ದರೆ ಮಾಡಿಸಿದ ಕನ್ನಡಕವೇ ಬೇಕು. ದೂರಕ್ಕೆ ಮೈನಸ್ ನಂಬರ್ ಇರುವವರ ಲೆಕ್ಕವೇ ಬೇರೆ. ಮೈನಸ್ 2.5 ಇರುವವರು ಕನ್ನಡಕ ತೆಗೆದರೆ ಸಾಕು, 40 ಸೆಂ.ಮೀ.ನಲ್ಲಿ ಆರಾಮವಾಗಿ ಓದಬಹುದು.

ಮೂರನೆಯದು ಪಾಪೆಗಳ ನಡುವಿನ ಅಂತರ. ವಯಸ್ಕರಲ್ಲಿ ಇದರ ಸರಾಸರಿ 63 ಮಿ.ಮೀ. ಆಸುಪಾಸು, ಸಿದ್ಧ ಕನ್ನಡಕಗಳೂ ಅದರ ಸುತ್ತಮುತ್ತಲೇ ಇರುತ್ತವೆ. ನಿಮ್ಮದು 56 ಅಥವಾ 72 ಆಗಿದ್ದರೆ ಮಸೂರದ ನಡುಭಾಗದ ಬದಲು ಪಕ್ಕದಿಂದ ನೋಡುತ್ತೀರಿ. ಆಗ ಬೆಳಕು ಓರೆಯಾಗಿ ಬಾಗಿ, ಎರಡು ಕಣ್ಣಿನ ಚಿತ್ರಗಳನ್ನು ಕೂಡಿಸಲು ಕಣ್ಣಿನ ಸ್ನಾಯುಗಳು ದುಡಿಯಬೇಕಾಗುತ್ತದೆ. ಪ್ಲಸ್ 1ರಲ್ಲಿ ಇದು ಅರಿವಿಗೇ ಬರುವುದಿಲ್ಲ, ಪ್ಲಸ್ 3ರಲ್ಲಿ ಅರ್ಧ ಗಂಟೆಗೆ ಹಣೆ ನೋಯಬಹುದು.

ಒಂದು ಮಾತನ್ನು ಒತ್ತಿ ಹೇಳಬೇಕು. ಸಿದ್ಧ ಕನ್ನಡಕ ಕಣ್ಣನ್ನು ಕೆಡಿಸುವುದಿಲ್ಲ, ಆದರೆ ಕಣ್ಣಿನ ಪರೀಕ್ಷೆಯನ್ನು ತಪ್ಪಿಸುವಂತೆ ಮಾಡಬಹುದು. ಕಣ್ಣಿನ ನರವನ್ನು ಕೆಡಿಸುವ ಗ್ಲಾಕೋಮಾ ಹೆಚ್ಚಾಗಿ ನೋವಿಲ್ಲದೆ, ಸದ್ದಿಲ್ಲದೆ ಬರುತ್ತದೆ. ಹಿಡಿತದಲ್ಲಿಲ್ಲದ ಮಧುಮೇಹದಲ್ಲಿ ನಂಬರ್ ದಿನದಿಂದ ದಿನಕ್ಕೆ ಏರಿಳಿಯಬಹುದು. ವರ್ಷಗಟ್ಟಲೆ ಕನ್ನಡಕ ಹಾಕಿದವರಿಗೆ ಮತ್ತೆ ಅದಿಲ್ಲದೆ ಓದಲು ಬಂದರೆ ಅದು ಪೊರೆ ಬರುತ್ತಿರುವ ಲಕ್ಷಣವಾಗಿರಬಹುದು. ಕಣ್ಣೆದುರು ಮಿಂಚಿನಂತೆ ಬೆಳಕು, ಒಮ್ಮೆಲೇ ತೇಲುವ ಕಪ್ಪು ಚುಕ್ಕೆಗಳು, ಪರದೆ ಎಳೆದಂತೆ ಮಬ್ಬು ಕಂಡರೆ ಅದೇ ದಿನ ವೈದ್ಯರ ಬಳಿ ಹೋಗಬೇಕು.

## ಮಸೂರ ಯಾವುದರದು

ಗಾಜಿಗೆ ಸುಲಭವಾಗಿ ಗೀರು ಬೀಳುವುದಿಲ್ಲ. ಆದರೆ ಭಾರ, ಬಿದ್ದರೆ ಚೂರು. ಲೋಹ ಉಜ್ಜುವ ಗ್ರೈಂಡರ್‌ನ ಬಿಸಿ ಕಿಡಿ ಅದಕ್ಕೆ ಅಂಟಿ ಚುಕ್ಕೆ ಚುಕ್ಕೆ ಕಲೆ ಮಾಡುತ್ತದೆ. 1940ರ ದಶಕದಲ್ಲಿ ಬಂದ ಸಿಆರ್-39 ಎಂಬ ಗಟ್ಟಿ ರಾಳ ಗಾಜಿನ ಅರ್ಧದಷ್ಟು ಮಾತ್ರ ತೂಗುತ್ತದೆ, ನೋಟ ಬಹಳ ತಿಳಿ. ದಿನದ ಓದಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ತೀರ ಅಗ್ಗದ ಕನ್ನಡಕಗಳಲ್ಲಿ ಅಕ್ರಿಲಿಕ್ ಇರುತ್ತದೆ. ಮನೆಯಲ್ಲಿ ಪತ್ರಿಕೆ ಓದಲು ಅದೂ ಆದೀತು, ಪೆಟ್ಟು ಬಿದ್ದರೆ ಸೀಳುತ್ತದೆ.

ಕಾರ್ಯಾಗಾರಕ್ಕೆ ಪಾಲಿಕಾರ್ಬೊನೇಟ್. ಪೆಟ್ಟು ಬಿದ್ದರೆ ಅದು ಚೂರಾಗದೆ ಬಾಗಿ ತಡೆದುಕೊಳ್ಳುತ್ತದೆ. ಅದರ ದೌರ್ಬಲ್ಯಗಳು ಎರಡು: ಮೈ ಮೆದು, ಹಾಗಾಗಿ ಗೀರು ತಡೆಯುವ ಗಟ್ಟಿ ಲೇಪನ ಇರಲೇಬೇಕು. ಮತ್ತು ಅಸಿಟೋನ್, ಥಿನ್ನರ್‌ಗಳು ತಾಗಿದರೆ ಮಬ್ಬಾಗಿ ಬಿರುಕು ಬಿಡುತ್ತದೆ. ಬಣ್ಣ, ವಾರ್ನಿಶ್ ಕೆಲಸದವರು ಇದನ್ನು ನೆನಪಿಡಬೇಕು. ಟ್ರೈವೆಕ್ಸ್ ಎಂಬುದು ಪೆಟ್ಟು ತಡೆಯುವುದರಲ್ಲಿ ಪಾಲಿಕಾರ್ಬೊನೇಟ್‌ಗೆ ಹತ್ತಿರ, ನೋಟದಲ್ಲಿ ಅದಕ್ಕಿಂತ ತಿಳಿ, ಬೆಲೆಯಲ್ಲಿ ಮೇಲು.

ಪ್ರತಿಫಲನ ತಡೆಯುವ ಲೇಪನ ರಾತ್ರಿ ದೀಪದಡಿ ಕೆಲಸ ಮಾಡುವವರಿಗೆ ನಿಜಕ್ಕೂ ಹಿತ. ನೀಲಿ ಬೆಳಕು ತಡೆಯುವ ಮಸೂರಕ್ಕೆ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆ ಲಭ್ಯವಿದ್ದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ನೋಡಿದಾಗ, ಪರದೆ ನೋಡುವುದರಿಂದ ಬರುವ ಕಣ್ಣಿನ ಆಯಾಸ ಅದರಿಂದ ಕಡಿಮೆಯಾಗುವಂತೆ ಕಾಣಲಿಲ್ಲ. ಆ ಹಣದಲ್ಲಿ ಒಂದು ಒಳ್ಳೆಯ ಮೇಜುದೀಪ ಕೊಳ್ಳಿ. ಬೆಳಕು ಹೆಚ್ಚಿದಾಗ ಪಾಪೆ ಕಿರಿದಾಗುತ್ತದೆ, ಪಾಪೆ ಕಿರಿದಾದಷ್ಟೂ ಸ್ಪಷ್ಟವಾಗಿ ಕಾಣುವ ಪಟ್ಟಿ ಅಗಲವಾಗುತ್ತದೆ.

ಅಗ್ಗದ ಮಸೂರದ ಗುಣ ತಿಳಿಯಲು ಅದನ್ನು ತೋಳುದ್ದ ಹಿಡಿದು ಬಾಗಿಲಿನ ಚೌಕಟ್ಟಿನಂಥ ನೇರ ಗೆರೆಯನ್ನು ಅದರ ಮೂಲಕ ನೋಡುತ್ತ ನಿಧಾನವಾಗಿ ಅತ್ತಿತ್ತ ಸರಿಸಿ. ಗೆರೆ ನಯವಾಗಿ ಜರುಗಬೇಕು. ಮಸೂರದ ನಡುಭಾಗದಲ್ಲೇ ಗೆರೆ ನೀರಿನಲ್ಲಿದ್ದಂತೆ ಬಳುಕಿದರೆ ಆ ಕನ್ನಡಕವನ್ನು ಅಲ್ಲೇ ಬಿಟ್ಟುಬಿಡಿ.

## ಬಾಳಿಕೆ ಇರುವುದು ಕೀಲಿನಲ್ಲಿ

ಓದುವ ಕನ್ನಡಕವನ್ನು ದಿನಕ್ಕೆ ಹತ್ತಾರು ಬಾರಿ ತೆಗೆದು ಹಾಕುತ್ತೇವೆ, ಅದೂ ಒಂದೇ ಕೈಯಲ್ಲಿ. ಆದ್ದರಿಂದ ಮೊದಲು ಸೋಲುವುದು ಕಡ್ಡಿಯ ಕೀಲು. ಲೋಹದ ಕೀಲು, ಅದನ್ನು ಹಿಡಿದಿರುವ ನಿಜವಾದ ತಿರುಪು ಇದೆಯೇ ನೋಡಿ. ಪ್ಲಾಸ್ಟಿಕ್ಕಿನಲ್ಲೇ ಅಚ್ಚು ಹಾಕಿದ ಕೀಲು ಮುರಿದರೆ ರಿಪೇರಿಯಿಲ್ಲ. ತಿರುಪು ಪದೇ ಪದೇ ಸಡಿಲವಾಗುತ್ತಿದ್ದರೆ ಬಿಗಿ ಮಾಡಿ, ಅದರ ತಲೆಗೆ ಸೂಜಿಮೊನೆಯಷ್ಟು ನೇಲ್ ಪಾಲಿಶ್ ಮುಟ್ಟಿಸಿ. ಮಸೂರಕ್ಕೆ ತಾಗದಂತೆ ಎಚ್ಚರವಿರಲಿ.

ಫ್ರೇಮಿನ ವಸ್ತುಗಳಲ್ಲಿ ಟಿಆರ್-90 ಎಂಬ ನೈಲಾನ್ ಜಾತಿಯದು ಬಾಗಿ ಮತ್ತೆ ನೆಟ್ಟಗಾಗುತ್ತದೆ, ಹಗುರ, ಜೇಬಿನಲ್ಲಿಟ್ಟು ಕೂತರೂ ಬದುಕುವ ಸಾಧ್ಯತೆ ಹೆಚ್ಚು. ಅಸಿಟೇಟ್ ಫ್ರೇಮನ್ನು ಬಿಸಿ ಮಾಡಿ ಕಿವಿಗೆ ತಕ್ಕಂತೆ ಬಗ್ಗಿಸಬಹುದು. ಸ್ಟೀಲ್ ಗಟ್ಟಿ, ಆದರೆ ವಿದ್ಯುತ್ ಕೆಲಸ ಮಾಡುವವರು ಲೋಹದ ಫ್ರೇಮನ್ನು ದೂರವಿಡುವುದೇ ಕ್ಷೇಮ. ಕಡ್ಡಿಯ ಒಳಮೈಯಲ್ಲಿ 52, 18, 140 ಎಂಬಂತೆ ಮೂರು ಅಂಕಿಗಳಿರುತ್ತವೆ. ಅವು ಕ್ರಮವಾಗಿ ಮಸೂರದ ಅಗಲ, ಮೂಗಿನ ಸೇತುವೆಯ ಅಗಲ, ಕಡ್ಡಿಯ ಉದ್ದ, ಎಲ್ಲವೂ ಮಿಲಿಮೀಟರಿನಲ್ಲಿ. ನಿಮಗೆ ಚೆನ್ನಾಗಿ ಕೂರುವ ಹಳೆಯ ಕನ್ನಡಕದ ಅಂಕಿ ಬರೆದಿಟ್ಟುಕೊಂಡರೆ ಮುಂದಿನದನ್ನು ಹಾಕಿ ನೋಡದೆಯೂ ಆರಿಸಬಹುದು.

## ಓದುವ ಕನ್ನಡಕ ರಕ್ಷಾಕವಚವಲ್ಲ

ಕಣ್ಣ ಮುಂದೆ ಏನೋ ಒಂದು ಇದೆಯಲ್ಲ, ಸಾಕು ಎಂದುಕೊಂಡು ಓದುವ ಕನ್ನಡಕದಲ್ಲೇ ಗ್ರೈಂಡರ್ ಹಿಡಿಯುವವರು ಬಹಳ. ಅದು ಎಷ್ಟು ತಡೆದೀತು ಎಂಬುದನ್ನು ಅಂಕಿಗಳೇ ಹೇಳುತ್ತವೆ. ಅಮೆರಿಕದಲ್ಲಿ ಸಾಮಾನ್ಯ ಕನ್ನಡಕದ ಮಸೂರಕ್ಕೆ ಇರುವ ಪರೀಕ್ಷೆಯಲ್ಲಿ ಸುಮಾರು 16 ಮಿ.ಮೀ. ವ್ಯಾಸದ ಉಕ್ಕಿನ ಗುಂಡನ್ನು 127 ಸೆಂ.ಮೀ. ಎತ್ತರದಿಂದ ಬೀಳಿಸುತ್ತಾರೆ. ತಾಗುವಾಗ ಗುಂಡಿನ ವೇಗ ಸೆಕೆಂಡಿಗೆ ಸುಮಾರು 5 ಮೀಟರ್. ಅಲ್ಲಿನ ಕೈಗಾರಿಕಾ ಸುರಕ್ಷಾ ಮಾನಕದ ಹೆಚ್ಚಿನ ದರ್ಜೆಗೆ 6.35 ಮಿ.ಮೀ. ಗುಂಡನ್ನು ಸೆಕೆಂಡಿಗೆ 45 ಮೀಟರಿಗೂ ಮಿಕ್ಕ ವೇಗದಲ್ಲಿ ಹೊಡೆಯುತ್ತಾರೆ. ಯುರೋಪಿನಲ್ಲಿ ಬಹುಕಾಲ ಬಳಕೆಯಲ್ಲಿದ್ದ ಇಎನ್ 166 ಮಾನಕದ ಎಫ್ ದರ್ಜೆಯಲ್ಲೂ ಹೆಚ್ಚುಕಡಿಮೆ ಅದೇ ವೇಗವಿತ್ತು. ಗುಂಡು ಚಿಕ್ಕದಾದರೂ ಪೆಟ್ಟಿನ ಶಕ್ತಿ ಐದು ಪಟ್ಟು. ಮೇಲಾಗಿ ಸುರಕ್ಷಾ ಕನ್ನಡಕದಲ್ಲಿ ಮಸೂರದಂತೆ ಫ್ರೇಮೂ ಪರೀಕ್ಷೆಗೆ ಒಳಗಾಗುತ್ತದೆ, ಪೆಟ್ಟು ಬಿದ್ದಾಗ ಮಸೂರ ಹಿಂದಕ್ಕೆ ಕಳಚಿ ಕಣ್ಣಿಗೆ ನುಗ್ಗಬಾರದು. ಪಕ್ಕದಿಂದ ಬರುವುದನ್ನು ತಡೆಯಲು ಅಂಚುಗಳೂ ಇರುತ್ತವೆ.

ಗುರುತಿಸುವುದು ಕಷ್ಟವಲ್ಲ. ಅಮೆರಿಕದ ಮಾನಕದ್ದಾದರೆ ಮಸೂರದ ಮೂಲೆಯಲ್ಲೂ ಫ್ರೇಮಿನಲ್ಲೂ ಝಡ್ ಅಕ್ಷರ, 87ರ ಅಂಕಿ, ಪಕ್ಕದಲ್ಲಿ ಕೂಡಿಸುವ ಚಿಹ್ನೆ ಕೆತ್ತಿರುತ್ತಾರೆ. ಈ ಗುರುತಿನೊಂದಿಗೇ ಕೆಳಭಾಗದಲ್ಲಿ ಪ್ಲಸ್ 1ರಿಂದ 3ರವರೆಗಿನ ಓದುವ ಪವರ್ ಸೇರಿಸಿದ ಬೈಫೋಕಲ್ ಸುರಕ್ಷಾ ಕನ್ನಡಕಗಳು ಸಿದ್ಧವಾಗಿ ಸಿಗುತ್ತವೆ. ಹಣ ಖರ್ಚು ಮಾಡಬೇಕಾದದ್ದು ಇದರ ಮೇಲೆ. ಓದುವ ಜೊತೆಯಲ್ಲಿ ಉಳಿಸಿದ್ದನ್ನು ಇಲ್ಲಿ ಹಾಕಿ. ದೂರಕ್ಕೂ ಕನ್ನಡಕ ಬೇಕಾದವರು ಅದರ ಮೇಲೆಯೇ ಧರಿಸಬಹುದಾದ ಅಗಲದ ಗಾಗಲ್ ಕೊಳ್ಳಬಹುದು. ಈಗಾಗಲೇ ಒಳ್ಳೆಯ ಸುರಕ್ಷಾ ಕನ್ನಡಕ ಇದ್ದವರಿಗೆ, ನೀರು ಸವರಿ ಒಳಮೈಗೆ ಅಂಟಿಸುವ ಮೆದು ಪ್ಲಾಸ್ಟಿಕ್ ಪವರ್ ತುಣುಕುಗಳಿವೆ. ವೆಲ್ಡಿಂಗ್ ಹೆಲ್ಮೆಟ್ ಒಳಗೆ ಕೂರಿಸುವ ಆಯತಾಕಾರದ ಪ್ಲಸ್ ಮಸೂರವೂ ಪ್ರತ್ಯೇಕವಾಗಿ ಸಿಗುತ್ತದೆ. ಅದು ಬೆಸುಗೆಯ ಕಣ್ಣು ಕುಕ್ಕುವ ಬೆಳಕನ್ನು ತಡೆಯುವುದಿಲ್ಲ, ಕಪ್ಪು ಗಾಜು ಅದರ ಜಾಗದಲ್ಲಿ ಇರಲೇಬೇಕು.

ಬೈಫೋಕಲ್‌ನಲ್ಲಿ ಒಂದು ತೊಡಕಿದೆ: ಪವರ್ ಕೆಳಗಿರುತ್ತದೆ. ತಲೆಯ ಮೇಲಿನ ಪೈಪು, ವೈರು ನೋಡುವವರು ಗಲ್ಲವನ್ನು ಆಕಾಶಕ್ಕೆ ಎತ್ತಬೇಕಾಗುತ್ತದೆ. ಅವರಿಗಾಗಿ ಮೇಲೂ ಕೆಳಗೂ ಪವರ್ ಇರುವ ಮಸೂರವನ್ನು ಮಾಡಿಸಬಹುದು. ಏಣಿ ಇಳಿಯುವಾಗ ಬೈಫೋಕಲ್‌ನ ಕೆಳಭಾಗದಲ್ಲಿ ಮೆಟ್ಟಿಲು ಮಸುಕಾಗಿ, ಎತ್ತರ ತಪ್ಪಾಗಿ ಕಾಣುತ್ತದೆ. ಏಣಿ ಹತ್ತುವ ಮುನ್ನ ತೆಗೆದು, ಪವರ್ ಇಲ್ಲದ ಸುರಕ್ಷಾ ಕನ್ನಡಕ ಹಾಕಿಕೊಳ್ಳಿ.

ಕನ್ನಡಕ ಕಳೆಯದಿರಲಿ ಎಂದು ಕುತ್ತಿಗೆಗೆ ದಾರ ಕಟ್ಟಿಕೊಳ್ಳುವ ರೂಢಿ ಓದುವ ಮೇಜಿನ ಬಳಿ ಸರಿ. ತಿರುಗುವ ಯಂತ್ರದ ಮುಂದೆ ಆ ದಾರ ಸಿಕ್ಕಿಕೊಂಡರೆ ಕುತ್ತಿಗೆಯನ್ನೇ ಎಳೆಯುತ್ತದೆ. ಅಲ್ಲಿ ತಲೆಯ ಹಿಂದೆ ಬಿಗಿಯಾಗಿ ಕೂರುವ ಎಲಾಸ್ಟಿಕ್ ಪಟ್ಟಿ ಬಳಸಿ.

ಗ್ರೈಂಡರ್ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. ಕತ್ತರಿಸುವ ಡಿಸ್ಕುಗಳ ಮೇಲೆ ಅಂಚಿನ ಗರಿಷ್ಠ ವೇಗವನ್ನು ಸಾಮಾನ್ಯವಾಗಿ ಸೆಕೆಂಡಿಗೆ 80 ಮೀಟರ್ ಎಂದು ನಮೂದಿಸಿರುತ್ತಾರೆ, ಅಂದರೆ ಗಂಟೆಗೆ 288 ಕಿ.ಮೀ. ಡಿಸ್ಕ್ ಒಡೆದರೆ ಚೂರು ಹೊರಡುವುದು ಆ ವೇಗದಲ್ಲಿ. ಸುರಕ್ಷಾ ಕನ್ನಡಕಕ್ಕೆ ಪರೀಕ್ಷೆಯಾಗಿರುವುದು ಅದರ ಅರ್ಧಕ್ಕಿಂತ ತುಸು ಹೆಚ್ಚಿನ ವೇಗಕ್ಕೆ. ಹಾಗಾಗಿ ಕನ್ನಡಕದ ಮೇಲೆ ಪೂರ್ಣ ಮುಖದ ಗುರಾಣಿ ಹಾಕಿಕೊಳ್ಳಬೇಕು. ಗುರಾಣಿ ಇದೆಯೆಂದು ಕನ್ನಡಕ ಬಿಡಲೂ ಬಾರದು, ಅದರ ಕೆಳಗಿನಿಂದ ಪುಡಿ ನುಸುಳುತ್ತದೆ.

## ಒರೆಸುವ ಮೊದಲು ತೊಳೆಯಿರಿ

ಕಾರ್ಯಾಗಾರದ ಕನ್ನಡಕ ಹಾಳಾಗುವುದು ಹೆಚ್ಚಾಗಿ ಒರೆಸುವಾಗ. ಮಸೂರದ ಮೇಲೆ ಕೂತಿರುವುದು ಕಬ್ಬಿಣದ ಪುಡಿ, ಮರಳು. ಒಣಗಿದ ಅಂಗಿಯ ತುದಿಯಿಂದ ಉಜ್ಜಿದರೆ ಅದು ಅರದಂತೆ ಕೆಲಸ ಮಾಡುತ್ತದೆ. ಮೊದಲು ನೀರಿನಲ್ಲಿ ಹಿಡಿದು ಪುಡಿ ಹರಿದುಹೋಗಲು ಬಿಡಿ, ಪಾತ್ರೆ ತೊಳೆಯುವ ದ್ರವದ ಒಂದು ಹನಿಯನ್ನು ಬೆರಳತುದಿಯಿಂದ ಸವರಿ ತೊಳೆದು, ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಬಿಸಿನೀರು ಬೇಡ. ಬಿಸಿಲಿಗೆ ನಿಂತ ಕಾರಿನೊಳಗೆ ಮರೆತುಬಂದರೂ ಲೇಪನ ಜೇಡರ ಬಲೆಯಂತೆ ಬಿರುಕು ಬಿಡುತ್ತದೆ. ಮೇಜಿನ ಮೇಲೆ ಇಡುವಾಗ ಮಸೂರ ಮೇಲ್ಮುಖವಾಗಿರಲಿ, ಚೀಲಕ್ಕೆ ಹಾಕುವಾಗ ಗಟ್ಟಿ ಡಬ್ಬಿ ಇರಲಿ.

ಓದುವ ಕನ್ನಡಕದ ಅಂಚಿನಲ್ಲಿ ಗೀರು ಬಿದ್ದರೆ ಇನ್ನಷ್ಟು ಕಾಲ ಓಡಿಸಬಹುದು. ಸುರಕ್ಷಾ ಕನ್ನಡಕಕ್ಕೆ ಆ ರಿಯಾಯಿತಿ ಇಲ್ಲ. ಅದರ ಮಸೂರದಲ್ಲಿ ಆಳವಾದ ಗೀರಿದ್ದರೆ, ಥಿನ್ನರ್ ತಾಗಿ ಮಬ್ಬಾಗಿದ್ದರೆ, ಇಲ್ಲವೇ ಒಮ್ಮೆ ಜೋರಾದ ಪೆಟ್ಟು ತಿಂದಿದ್ದರೆ, ಕಣ್ಣಿಗೆ ಬಿರುಕು ಕಾಣದಿದ್ದರೂ ಬದಲಿಸಿ.